ಕಿಟ್ಟದ ದಿಬ್ಬ

ಬಯಲುಸೀಮೆಯ ಎಷ್ಟೋ ಊರುಗಳ ಹೊರವಲಯದಲ್ಲಿ, ಹಳ್ಳದ ದಂಡೆಯಲ್ಲಿಯೋ ಗುಡ್ಡದ ಬುಡದ ಬೀಳು ನೆಲದಲ್ಲಿಯೋ, ಕರಿಯ ಕಲ್ಲಿನಂತಹ ಗಟ್ಟಿಗಳು ಹರಡಿಕೊಂಡಿರುವುದುಂಟು. ಕೆಲವು ಗಟ್ಟಿಗಳ ಮೈ ಜೇನುಹುಟ್ಟಿನಂತೆ ತೂತುತೂತಾಗಿರುತ್ತದೆ. ಕೆಲವುಗಳ ಮೇಲೆ ಪಾಕ ಹರಿದು ಹೆಪ್ಪುಗಟ್ಟಿದಂತೆ ಗೆರೆಗಳು ಮೂಡಿರುತ್ತವೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ದನ ಕಾಯುವ ಹುಡುಗರಿಗೆ ಅವು ಎಸೆದಾಡುವ ವಸ್ತುಗಳು. ಹೊಲ ಉಳುವವನ ಪಾಲಿಗೆ ನೇಗಿಲಿನ ಗುಳವನ್ನು ಮೊಂಡು ಮಾಡುವ ಕಾಟ. ದಾರಿಗೆ ಗಟ್ಟಿಯಾದ ಹಾಸು ಬೇಕಾದಾಗ ಹಿಂದೆ ಗಾಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ ಅವನ್ನು ತುಂಬಿಕೊಂಡು ಹೋಗಿ ಸುರಿಯುತ್ತಾರೆ. ಆದರೆ ಅವು ಪ್ರಕೃತಿ ಮಾಡಿದ ಕಲ್ಲುಗಳಲ್ಲ. ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಿದಾಗ ಉಳಿದ ಕಸ. ಕನ್ನಡದಲ್ಲಿ ಇದಕ್ಕೆ ಕಿಟ್ಟವೆಂದು ಹೆಸರು.

ಕಸವನ್ನು ಕಾಪಾಡಬೇಕೆಂದು ಹೇಳಿದರೆ ಕೇಳಿದವರು ನಗಬಹುದು. ದೇವಾಲಯವನ್ನು ಕಾಪಾಡಬೇಕು, ಕೋಟೆಯನ್ನು ಕಾಪಾಡಬೇಕು, ಶಾಸನವನ್ನು ಕಾಪಾಡಬೇಕು ಎಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಕಿಟ್ಟದ ದಿಬ್ಬಕ್ಕೆ ಆ ಸಾಲಿನಲ್ಲಿ ಇನ್ನೂ ಸ್ಥಾನ ದೊರೆತಿಲ್ಲ. ದೊರೆಯಬೇಕಾದುದು ನ್ಯಾಯ. ಏಕೆಂದರೆ ಈ ನಾಡಿನ ಕಾಡನ್ನು ಕಡಿದ ಕೊಡಲಿ, ಕೆರೆಯನ್ನು ತೋಡಿದ ಗುದ್ದಲಿ, ಗದ್ದೆಯನ್ನು ಉತ್ತ ಗುಳ, ದೇವಾಲಯವನ್ನು ಕೆತ್ತಿದ ಚಾಣ ಇವೆಲ್ಲಕ್ಕೂ ಬೇಕಾದ ಲೋಹವನ್ನು ಮಣ್ಣಿನಿಂದ ತೆಗೆದುಕೊಟ್ಟವರು ಹಳ್ಳಿಗಳ ಕುಲುಮೆಗಾರರು. ಅವರ ಬದುಕಿಗೆ ಆ ದಿಬ್ಬಗಳಲ್ಲದೆ ಬೇರೆ ದಾಖಲೆ ಬಹುಮಟ್ಟಿಗೆ ಇಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರು ಶಿಲ್ಪಗಳ ಪೀಠದಲ್ಲಿ ಕೆತ್ತಿರುವ ಹೆಸರುಗಳನ್ನು ಗಮನಿಸಿರುತ್ತಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೃತಿಗಳಿಗೆ ಸಹಿ ಹಾಕಿ ಹೋದರು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಅವರ ಹೆಸರುಗಳು ಇಂದಿಗೂ ಉಳಿದಿವೆ. ಆದರೆ ದಾಸೋಜನ ಕೈಯಲ್ಲಿದ್ದ ಚಾಣವನ್ನು ಬಡಿದುಕೊಟ್ಟ ಕಮ್ಮಾರ ಯಾರು? ಆ ಕಮ್ಮಾರನಿಗೆ ಕಬ್ಬಿಣದ ಮುದ್ದೆಯನ್ನು ಒದಗಿಸಿದ ಕುಲುಮೆ ಯಾವ ಗುಡ್ಡದ ಬುಡದಲ್ಲಿತ್ತು? ಶಾಸನಗಳು ದಾನ ಕೊಟ್ಟ ಅರಸನನ್ನು ಹೊಗಳುತ್ತವೆ, ದಾನ ಪಡೆದವರನ್ನು ಹೆಸರಿಸುತ್ತವೆ. ಹೊಗೆಯಲ್ಲಿ ನಿಂತು ತಿದಿಯೊತ್ತಿದವನ ಕುರಿತು ಅವು ಹೇಳುವುದು ತೀರ ಕಡಮೆ. ಅವನು ಬಿಟ್ಟುಹೋದ ಸಹಿ ಕಿಟ್ಟ.

ಕಬ್ಬಿಣವೆಂಬ ಮಾತಿನಲ್ಲಿಯೇ ಹಳೆಯ ಕಾಲದ ಒಂದು ನೆನಪು ಅಡಗಿದೆ. ಹಳಗನ್ನಡದಲ್ಲಿ ಈ ಶಬ್ದದ ರೂಪ ‘ಕರ್ಬೊನ್’. ‘ಕರ್’ ಎಂದರೆ ಕರಿದು. ‘ಪೊನ್’ ಎಂದರೆ ಹೊನ್ನು, ಲೋಹ. ಕರಿಯ ಹೊನ್ನು ಎಂದು ಅದನ್ನು ಕರೆದ ಜನ ಅದರ ಬೆಲೆಯನ್ನು ಬಲ್ಲವರಾಗಿದ್ದರು. ‘ಉಕ್ಕು’ ಎಂಬ ಇನ್ನೊಂದು ಮಾತಂತೂ ಕಡಲು ದಾಟಿ ಹೋಯಿತು. ಅದರ ಕಥೆ ಮುಂದೆ ಬರುತ್ತದೆ.

ಈ ನಾಡಿನಲ್ಲಿ ಕಬ್ಬಿಣ ಎಂದಿನಿಂದ ಬಳಕೆಯಲ್ಲಿದೆ? ತುಂಗಭದ್ರಾ ನದಿಯ ದಂಡೆಯ ಮೇಲಿರುವ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ಜನವಸತಿಯು ಮುಗಿದು ಬೃಹತ್ ಶಿಲಾಸಮಾಧಿಗಳ ಕಾಲ ಆರಂಭವಾಗುವ ಸಂಧಿಯ ಮಣ್ಣಿನ ಪದರದಲ್ಲಿ ಅವರಿಗೆ ಕಬ್ಬಿಣದ ಬಾಣದ ಮೊನೆಗಳು ದೊರೆತವು. ಅದೇ ಪದರದ ಇದ್ದಿಲನ್ನು ರೇಡಿಯೊ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅದರ ಕಾಲ ಕ್ರಿ. ಪೂ. 1000ದ ಆಸುಪಾಸಿನದೆಂದು ತಿಳಿದುಬಂತು. ಕಬ್ಬಿಣವು ದಕ್ಷಿಣ ಭಾರತಕ್ಕೆ ಬಹಳ ತಡವಾಗಿ, ಉತ್ತರದಿಂದ ಬಂದಿತೆಂಬ ಅಂದಿನ ನಂಬಿಕೆಗೆ ಈ ಶೋಧವು ಬಲವಾದ ಪೆಟ್ಟು ಕೊಟ್ಟಿತು. ನಾಗಪುರದ ಬಳಿಯ ನಾಯಕುಂಡದಲ್ಲಿ 1970ರ ದಶಕದ ಕೊನೆಯಲ್ಲಿ ನಡೆದ ಉತ್ಖನನದಲ್ಲಿ ಶಿಲಾಸಮಾಧಿಗಳ ಕಾಲದ ಕುಲುಮೆಯೇ ದೊರೆಯಿತು. ಇತ್ತೀಚೆಗೆ, 2025ರ ಜನವರಿಯಲ್ಲಿ, ತಮಿಳುನಾಡಿನ ಸರ್ಕಾರವು ಅಲ್ಲಿಯ ಶಿವಗಳೈ ಮೊದಲಾದ ನೆಲೆಗಳ ಕಬ್ಬಿಣವು ಕ್ರಿ. ಪೂ. ನಾಲ್ಕನೆಯ ಸಹಸ್ರಮಾನದಷ್ಟು ಹಳೆಯದೆಂದು ಪ್ರಕಟಿಸಿತು. ಅದರ ಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ.

ಯಾರು ಮೊದಲಿಗರು ಎಂಬ ಪ್ರಶ್ನೆಯಲ್ಲಿ ಜನರಿಗೆ ಯಾವಾಗಲೂ ಆಸಕ್ತಿ ಹೆಚ್ಚು. ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುವುದೂ ಅದೇ. ಆದರೆ ಒಂದು ಬಾಣದ ಮೊನೆ ಎಷ್ಟು ಹಳೆಯದೆಂಬುದು ತಿಳಿದ ಮಾತ್ರಕ್ಕೆ ಅದನ್ನು ಮಾಡಿದವರ ಬಾಳು ತಿಳಿಯುವುದಿಲ್ಲ. ಮೊನೆಯು ಒಂದೂರಿನಲ್ಲಿ ಹುಟ್ಟಿ ಇನ್ನೊಂದೂರಿನಲ್ಲಿ ಮಾರಾಟವಾಗಿ ಮೂರನೆಯ ಊರಿನ ಸಮಾಧಿಯನ್ನು ಸೇರಿರಬಹುದು. ಕಿಟ್ಟ ಹಾಗಲ್ಲ. ಅದನ್ನು ಹೊತ್ತು ಮಾರುವವರಿಲ್ಲ. ಕಬ್ಬಿಣವು ಹುಟ್ಟಿದ ಜಾಗದಲ್ಲಿಯೇ ಅದು ಬಿದ್ದಿರುತ್ತದೆ. ಆದುದರಿಂದ ಎಲ್ಲಿ ಕೆಲಸ ನಡೆಯಿತು, ಹೇಗೆ ನಡೆಯಿತು, ಎಷ್ಟು ನಡೆಯಿತು ಎಂಬುದಕ್ಕೆ ಅದು ಹೇಳುವ ಸಾಕ್ಷ್ಯವು ಆಯುಧಗಳು ಹೇಳುವ ಸಾಕ್ಷ್ಯಕ್ಕಿಂತ ಹೆಚ್ಚು ನಂಬತಕ್ಕದ್ದು.

ಆ ಸಾಕ್ಷ್ಯವನ್ನು ತಿಳಿಯಬೇಕಾದರೆ ಕುಲುಮೆಯೊಳಗೆ ನಡೆಯುತ್ತಿದ್ದುದೇನೆಂಬುದನ್ನು ಅರಿಯಬೇಕು. ಹಳೆಯ ಕುಲುಮೆಯಲ್ಲಿ ಕಬ್ಬಿಣವು ಕರಗುತ್ತಿರಲಿಲ್ಲ ಎಂದರೆ ಮೊದಲಿಗೆ ವಿಚಿತ್ರವೆನಿಸುತ್ತದೆ. ಶುದ್ಧ ಕಬ್ಬಿಣವು ದ್ರವವಾಗಲು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮಣ್ಣಿನ ಗೋಡೆಯ ಸಣ್ಣ ಕುಲುಮೆಗೆ ಚರ್ಮದ ತಿದಿಗಳಿಂದ ಗಾಳಿಯೂದಿದಾಗ ದೊರೆಯುತ್ತಿದ್ದ ಶಾಖ ಸುಮಾರು 1200 ಡಿಗ್ರಿ. ಅಷ್ಟು ಶಾಖದಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಇದ್ದಿಲು ಉರಿದು ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅನಿಲವು ಅದಿರಿನಲ್ಲಿರುವ ಆಮ್ಲಜನಕವನ್ನು ಕಸಿದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಅದಿರಿನೊಡನೆ ಬೆರೆತ ಮರಳು ಮಣ್ಣುಗಳು ಒಂದಿಷ್ಟು ಕಬ್ಬಿಣದ ಆಕ್ಸೈಡನ್ನು ತಮ್ಮಲ್ಲಿ ಸೇರಿಸಿಕೊಂಡು, ಕರಗಿ, ಪಾಕವಾಗಿ ಕೆಳಗಿಳಿಯುತ್ತವೆ. ಕುಲುಮೆಯ ಬುಡದ ಕಂಡಿಯನ್ನು ತೆರೆದಾಗ ಆ ಪಾಕವು ಕೆಂಪಗೆ ಹೊರಹರಿದು ಆರಿ ಕಿಟ್ಟವಾಗುತ್ತದೆ. ಒಳಗೆ ಉಳಿಯುವುದು ಸ್ಪಂಜಿನಂತೆ ತೂತುಗಳಿರುವ ಕಬ್ಬಿಣದ ಮುದ್ದೆ. ಕುಲುಮೆಯ ಮುಂಗೋಡೆಯನ್ನು ಒಡೆದು, ಆ ಮುದ್ದೆಯನ್ನು ಇಕ್ಕಳದಿಂದ ಎಳೆದು, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಗಳಿಂದ ಬಡಿದು ಬಡಿದು, ಒಳಗೆ ಸಿಕ್ಕಿಕೊಂಡ ಕಿಟ್ಟವನ್ನೆಲ್ಲ ಹಿಂಡಿ ಹೊರಗೆ ಹಾಕಬೇಕು. ಆಗ ಮಾತ್ರ ಕಮ್ಮಾರನ ಕೈಗೆ ಬರುವಂತಹ ಕಬ್ಬಿಣ ದೊರೆಯುತ್ತದೆ.

ಇದೆಲ್ಲವೂ ಕಣ್ಣಿನ ಅಂದಾಜಿನಿಂದ ನಡೆಯಬೇಕಿತ್ತು. ಉಷ್ಣಮಾಪಕವಿರಲಿಲ್ಲ, ರಸಾಯನಶಾಸ್ತ್ರದ ಸೂತ್ರಗಳಿರಲಿಲ್ಲ. ಜ್ವಾಲೆಯ ಬಣ್ಣ, ಪಾಕದ ತೆಳುವು, ತಿದಿಯ ಉಸಿರಿನ ಸದ್ದು ಇವನ್ನು ನೋಡಿ ಕೇಳಿ ಹದವನ್ನು ತಿಳಿಯಬೇಕಿತ್ತು. ಗಾಳಿ ಕಡಮೆಯಾದರೆ ಪಾಕವು ಒಳಗೇ ಹೆಪ್ಪುಗಟ್ಟಿ, ದಿನಗಟ್ಟಲೆ ಸುಟ್ಟು ಕೂಡಿಟ್ಟ ಇದ್ದಿಲೂ ಹೊತ್ತು ತಂದ ಅದಿರೂ ಹಾಳಾಗುತ್ತಿದ್ದವು. ಓದು ಬರಹ ಬಾರದವರೆಂದು ಇಂಥವರನ್ನು ಅಜ್ಞಾನಿಗಳ ಸಾಲಿಗೆ ಸೇರಿಸುವುದು ಎಷ್ಟು ತಪ್ಪೆಂಬುದು ಇದರಿಂದ ವಿದಿತವಾಗುತ್ತದೆ.

ಹಳ್ಳಿಯ ಕುಲುಮೆಗಳು ಉರಿಯುತ್ತಿದ್ದ ಕಾಲದಲ್ಲಿ ಅವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟವನು ಹೊರನಾಡಿನವನು. 1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ, ಡಾ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದನು. ಅವನ ಪ್ರವಾಸದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಾಗಡಿಯ ಬಳಿಯ ಘಟ್ಟಿಪುರ, ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗ ಮುಂತಾದ ಕಡೆ ಕಬ್ಬಿಣ ತೆಗೆಯುತ್ತಿದ್ದ ರೀತಿಯನ್ನು ಅವನು ವರ್ಣಿಸಿದ್ದಾನೆ. ಮಳೆಗಾಲದಲ್ಲಿ ಬೆಟ್ಟಗಳಿಂದ ಇಳಿಯುವ ಹಳ್ಳಗಳು ಕಪ್ಪು ಮರಳನ್ನು ತಂದು ಹರಡುತ್ತಿದ್ದವು. ಅದನ್ನು ತೊಳೆದು, ಹಗುರವಾದ ಮಣ್ಣನ್ನು ಹೋಗಲಾಡಿಸಿ, ಭಾರವಾದ ಕಬ್ಬಿಣದ ಮರಳನ್ನು ಕೂಡಿಹಾಕಿ, ಮಳೆ ನಿಂತ ಬಳಿಕ ಕುಲುಮೆ ಹೂಡುತ್ತಿದ್ದರು. ಕೆಲಸಗಾರರು ಯಾರು ಯಾರು, ಅವರ ಕೂಲಿ ಎಷ್ಟು, ಉತ್ಪತ್ತಿಯನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎಂಬುದನ್ನೂ ಅವನು ಬಿಡಲಿಲ್ಲ. ಗೆದ್ದ ಸೀಮೆಯಿಂದ ಏನೇನು ದೊರೆಯುತ್ತದೆಂದು ತಿಳಿಯುವುದು ಅವನನ್ನು ಕಳುಹಿಸಿದವರ ಉದ್ದೇಶವಾಗಿತ್ತು, ನಿಜ. ಆದರೂ ಆ ಕುಲುಮೆಗಾರರ ದುಡಿಮೆಯ ಲೆಕ್ಕವು ಇಷ್ಟಾದರೂ ಉಳಿದಿರುವುದು ಅವನ ಬರಹದಿಂದ.

ಘಟ್ಟಿಪುರದಲ್ಲಿ ಅವನು ಉಕ್ಕು ಮಾಡುವುದನ್ನೂ ಕಂಡನು. ಹಸಿ ಮಣ್ಣಿನಿಂದ ಮಾಡಿದ ಮೂಸೆಯೊಳಗೆ ಬಡಿದ ಕಬ್ಬಿಣದ ತುಂಡನ್ನಿಟ್ಟು, ಅದರ ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನೂ ಒಂದು ಬಗೆಯ ಬಳ್ಳಿಯ ಎರಡು ಹಸಿರೆಲೆಗಳನ್ನೂ ಹಾಕಿ, ಮಣ್ಣಿನ ಮುಚ್ಚಳದಿಂದ ಬಾಯಿಯನ್ನು ಬಿಗಿದು ಮೆತ್ತುತ್ತಿದ್ದರು. ಹೀಗೆ ಸಿದ್ಧಪಡಿಸಿದ ಮೂಸೆಗಳನ್ನು ಕುಲುಮೆಯಲ್ಲಿ ಸಾಲಾಗಿ ಜೋಡಿಸಿ, ಗಂಟೆಗಟ್ಟಲೆ ತಿದಿಯೊತ್ತಿ ಕಾಯಿಸುತ್ತಿದ್ದರು. ಗಿಡದ ಕಡ್ಡಿ ಎಲೆಗಳು ಸುಟ್ಟು ಇಂಗಾಲವಾಗುತ್ತವೆ. ಆ ಇಂಗಾಲವನ್ನು ಹೀರಿದ ಕಬ್ಬಿಣವು ಕಡಮೆ ಶಾಖದಲ್ಲಿಯೇ ಕರಗುತ್ತದೆ. ಕರಗಿದ ಲೋಹವು ಮೂಸೆಯಲ್ಲಿ ನಿಧಾನವಾಗಿ ಆರಿದಾಗ ಗಟ್ಟಿಯಾದ, ಹರಿತವಾಗಬಲ್ಲ ಉಕ್ಕಿನ ಬಿಲ್ಲೆ ದೊರೆಯುತ್ತದೆ. ತಂಗಡಿಯು ಬಯಲುಸೀಮೆಯ ದಾರಿಯ ಇಕ್ಕೆಲಗಳಲ್ಲಿ ಹಳದಿ ಹೂ ಬಿಡುವ ಸಾಮಾನ್ಯ ಗಿಡ. ಅದನ್ನು ದಿನವೂ ಕಾಣುವವರಲ್ಲಿ ಎಷ್ಟು ಮಂದಿಗೆ ಅದು ಉಕ್ಕಿನ ತಯಾರಿಕೆಗೆ ಬೇಕಾಗುತ್ತಿತ್ತೆಂಬುದು ಗೊತ್ತಿದೆ?

ಈ ಉಕ್ಕು ಯೂರೋಪಿನ ವಿಜ್ಞಾನಿಗಳ ತಲೆ ಕೆಡಿಸಿತು. 1794ರಲ್ಲಿ ಮುಂಬಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ಎಂಬವನು ಅದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿಕೊಟ್ಟನು. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದನು. ಅಲ್ಲಿಂದ ಮುಂದೆ ಆ ಲೋಹಕ್ಕೆ ‘ವೂಟ್ಸ್’ ಎಂಬ ಹೆಸರು ನಿಂತಿತು. ಕನ್ನಡ ತೆಲುಗುಗಳ ‘ಉಕ್ಕು’ ಶಬ್ದವೇ ಹೀಗೆ ರೂಪಾಂತರ ಹೊಂದಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮುಂದೆ ವಿದ್ಯುತ್ತಿನ ಶೋಧಗಳಿಂದ ಜಗತ್ಪ್ರಸಿದ್ಧನಾದ ಮೈಕೇಲ್ ಫ್ಯಾರಡೆ ಕೂಡ ತನ್ನ ತಾರುಣ್ಯದಲ್ಲಿ, 1820ರ ಸುಮಾರಿನಲ್ಲಿ, ಜೇಮ್ಸ್ ಸ್ಟೋಡಾರ್ಟನೊಡನೆ ಸೇರಿ ಇದರ ಗುಟ್ಟನ್ನು ಬಿಡಿಸಲು ಪ್ರಯೋಗಗಳನ್ನು ಮಾಡಿದನು. ಒಬ್ಬ ಹಳ್ಳಿಗನ ಮೂಸೆಯಲ್ಲಿ ಹುಟ್ಟಿದ ಲೋಹವನ್ನು ಆ ಕಾಲದ ಅತ್ಯುತ್ತಮ ಪ್ರಯೋಗಾಲಯವು ಪರೀಕ್ಷೆಗೆ ತೆಗೆದುಕೊಂಡಿತೆಂಬುದು ನೆನೆಯತಕ್ಕ ಸಂಗತಿ.

ಆ ಮೂಸೆಗಳು ಎಲ್ಲಿ ಹೋದವು? ಒಂದು ಸಲ ಬಳಸಿದ ಮೂಸೆಯನ್ನು ಒಡೆದೇ ಉಕ್ಕನ್ನು ಹೊರತೆಗೆಯಬೇಕಾದುದರಿಂದ ಅವುಗಳ ಚೂರುಗಳು ಕೆಲಸದ ಜಾಗದಲ್ಲಿಯೇ ಉಳಿದವು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂತಹ ಚೂರುಗಳು ದೊರೆತಿವೆ. ಭಾರತದ ಮತ್ತು ಹೊರದೇಶಗಳ ಲೋಹವಿಜ್ಞಾನಿಗಳು ಅವನ್ನು ಪರಿಶೀಲಿಸಿ 1999ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು. ದಕ್ಷಿಣ ಭಾರತದ ಉಕ್ಕಿನ ಮೂಸೆಗಳ ಮಣ್ಣಿನಲ್ಲಿ ಭತ್ತದ ಹೊಟ್ಟನ್ನು ಧಾರಾಳವಾಗಿ ಬೆರೆಸುತ್ತಿದ್ದರೆಂಬುದು ಇಂತಹ ಪರೀಕ್ಷೆಗಳಿಂದ ಸ್ಪಷ್ಟವಾಗಿದೆ. ಹೊಟ್ಟು ಸುಟ್ಟುಹೋಗಿ ಉಳಿಯುವ ಇಂಗಾಲವೂ ಸಿಲಿಕವೂ ಸೇರಿ ಮೂಸೆಯು ತೀವ್ರ ಶಾಖವನ್ನು ತಾಳುವಂತೆ ಮಾಡುತ್ತಿದ್ದವು. ಗದ್ದೆಯ ಕಸ ಕುಲುಮೆಯ ಸಾಧನವಾಯಿತು. ಈ ಸಂಗತಿಯನ್ನು ಹೇಳಿದವು ಪುಸ್ತಕಗಳಲ್ಲ, ಊರಿನವರು ಕಾಲಿನಿಂದ ಸರಿಸಿ ನಡೆಯುವ ಕರಿಯ ಚೂರುಗಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಕಬ್ಬಿಣವು ಹಡಗುಗಳಲ್ಲಿ ಬಂದಿಳಿಯತೊಡಗಿತು. ರೈಲು ಅದನ್ನು ಒಳನಾಡಿನ ಸಂತೆಗಳಿಗೂ ಮುಟ್ಟಿಸಿತು. ಕಾಡುಗಳ ಮೇಲೆ ಸರ್ಕಾರದ ಹೊಸ ಕಟ್ಟಳೆಗಳು ಬಂದು ಇದ್ದಿಲು ದುಬಾರಿಯಾಯಿತು. ಕುಲುಮೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸ ಆರಂಭಿಸಿದಾಗ ಅದರ ದೊಡ್ಡ ಕುಲುಮೆಯನ್ನು ಉರಿಸಿದುದು ಮಲೆನಾಡಿನ ಕಟ್ಟಿಗೆಯಿಂದ ಸುಟ್ಟ ಇದ್ದಿಲೇ. ಅದಿರು ಕೆಮ್ಮಣ್ಣುಗುಂಡಿಯದು. ಹಳ್ಳಿಯ ಕುಲುಮೆಗಾರನಿಗೆ ತಿಳಿದಿದ್ದ ಎರಡು ಪದಾರ್ಥಗಳು ಅಲ್ಲಿ ಮತ್ತೆ ಕೂಡಿದವು. ಭದ್ರಾವತಿಯ ಇತಿಹಾಸವನ್ನು ಬರೆದವರುಂಟು. ಅದಕ್ಕೆ ಹಿಂದಿನ ಮೂರು ಸಾವಿರ ವರ್ಷಗಳ ಇತಿಹಾಸಕ್ಕೆ ಹಾಳೆಗಳು ಹೊಲಗಳಲ್ಲಿ ಬಿದ್ದಿವೆ.

ಆ ಹಾಳೆಗಳನ್ನು ಓದುವ ವಿದ್ಯೆ ಈಗ ಬೆಳೆದಿದೆ. ಕಿಟ್ಟದೊಳಗೆ ಸಿಕ್ಕಿಕೊಂಡ ಇದ್ದಿಲಿನ ಚೂರಿನಿಂದ ಕುಲುಮೆ ಉರಿದ ಕಾಲವನ್ನು ನಿರ್ಣಯಿಸಬಹುದು. ಅದೇ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಯಾವ ಜಾತಿಯ ಮರವನ್ನು ಸುಟ್ಟರೆಂದು ಹೇಳಬಹುದು. ಅಂದರೆ ಇಂದು ಬೋಳಾಗಿರುವ ಗುಡ್ಡದ ಮೇಲೆ ಅಂದು ಯಾವ ಕಾಡಿತ್ತೆಂಬುದೂ ತಿಳಿಯುತ್ತದೆ. ಪಾಕ ಹರಿದ ಗೆರೆಗಳು ಅದನ್ನು ಕಂಡಿಯಿಂದ ಹೊರಬಿಟ್ಟರೋ, ಕುಲುಮೆಯ ಅಡಿಯ ಗುಂಡಿಯಲ್ಲಿಯೇ ಆರಲು ಬಿಟ್ಟರೋ ಎಂಬುದನ್ನು ತೋರಿಸುತ್ತವೆ. ತಿದಿಯ ಗಾಳಿಯನ್ನು ಒಳಗೊಯ್ಯುತ್ತಿದ್ದ ಮಣ್ಣಿನ ಕೊಳವೆಯ ಒಂದು ತುಂಡು ಸಿಕ್ಕರೂ ಅದರ ಬಾಯಿಯ ಅಳತೆಯಿಂದ ಗಾಳಿಯ ಬಲವನ್ನು ಊಹಿಸಬಹುದು. ಕಿಟ್ಟದಲ್ಲಿ ಉಳಿದುಹೋದ ಕಬ್ಬಿಣದ ಪ್ರಮಾಣವು ಕುಲುಮೆಗಾರರ ವಿಧಾನದ ಮಿತಿಯನ್ನು ಹೇಳುತ್ತದೆ. ದಿಬ್ಬದ ಒಟ್ಟು ಗಾತ್ರವು ಅಲ್ಲಿ ನಡೆದುದು ಊರಿನ ಅಗತ್ಯಕ್ಕೆ ಸಾಕಾಗುವಷ್ಟು ಕೆಲಸವೋ, ದೂರದ ಪೇಟೆಗೆ ಕಳುಹಿಸುವಷ್ಟು ಕೆಲಸವೋ ಎಂಬುದಕ್ಕೆ ಸುಳಿವು ಕೊಡುತ್ತದೆ. ಆದರೆ ಈ ಎಲ್ಲ ಪರೀಕ್ಷೆಗಳಿಗೂ ಒಂದು ಕಟ್ಟುಪಾಡುಂಟು. ಕಿಟ್ಟವು ಬಿದ್ದಲ್ಲಿಯೇ ಇರಬೇಕು. ಲಾರಿಯಲ್ಲಿ ಸಾಗಿಸಿ ದಾರಿಗೆ ಸುರಿದ ಕಿಟ್ಟ ಏನನ್ನೂ ಹೇಳಲಾರದು.

ಇಲ್ಲಿ ಅವಸರದ ಅಭಿಮಾನಕ್ಕೂ ಎಡೆಯಿರಬಾರದು. ಕರಗಿದಂತೆ ಕಾಣುವುದೆಲ್ಲ ಕಬ್ಬಿಣದ ಕಿಟ್ಟವಲ್ಲ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ದೊಡ್ಡ ದೊಡ್ಡ ಬೂದಿ ದಿಬ್ಬಗಳಿವೆ. ಅವುಗಳಲ್ಲಿಯೂ ಕರಗಿ ಗಾಜಿನಂತಾದ ಗಟ್ಟಿಗಳು ಸಿಕ್ಕುತ್ತವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಸ್ಥಳವೆಂದು ನಂಬಿದರು. ಹಿಂದಿನ ವಿದ್ವಾಂಸರಲ್ಲಿ ಕೆಲವರು ಇಂತಹ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿಯೆಂದೂ ಕುಲುಮೆಯ ಕಸವೆಂದೂ ಊಹಿಸಿದುದುಂಟು. ಎಫ್. ಆರ್. ಆಲ್ಚಿನ್ ಅವರು ಉತ್ನೂರಿನಲ್ಲಿ ಉತ್ಖನನ ಮಾಡಿ, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವು ನವಶಿಲಾಯುಗದ ದನಗಾಹಿಗಳ ಹಟ್ಟಿಗಳಲ್ಲಿ ಕೂಡಿದ ಸಗಣಿಯನ್ನು ಸುಟ್ಟದ್ದರಿಂದ ಆದ ರಾಶಿಗಳೆಂದು ತೋರಿಸಿಕೊಟ್ಟರು. ದಿಬ್ಬಗಳು ಉಳಿದಿದ್ದುದರಿಂದಲೇ ತಪ್ಪು ಊಹೆ ತಿದ್ದಿಕೊಂಡಿತು. ಅವನ್ನು ಮೊದಲೇ ಗೊಬ್ಬರಕ್ಕೆಂದು ಸಾಗಿಸಿ ಮುಗಿಸಿದ್ದರೆ ಊಹೆಯೇ ಇತಿಹಾಸವಾಗಿಬಿಡುತ್ತಿತ್ತು.

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಗಸ್ ಎಂಬಲ್ಲಿ, ಇಂಗ್ಲೆಂಡಿನಿಂದ ವಲಸೆ ಬಂದವರು 1646ರ ಸುಮಾರಿಗೆ ಹಳ್ಳಿಗಾಡಿನ ಹೊಳೆಯ ದಂಡೆಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಹೂಡಿದರು. ಅದು ಸುಮಾರು 1670ರ ಹೊತ್ತಿಗೆ ನಿಂತುಹೋಯಿತು. ಬಾಳಿದ್ದು ಇಪ್ಪತ್ತೈದು ವರ್ಷಗಳಿಗೂ ಕಡಮೆ. ಮರದ ಕಟ್ಟಡಗಳು ಕೊಳೆತು ಮಣ್ಣು ಸೇರಿದವು. ಕಿಟ್ಟದ ದಿಬ್ಬವೊಂದು ಉಳಿಯಿತು. 1948ರಲ್ಲಿ ರೋಲಂಡ್ ರಾಬಿನ್ಸ್ ಎಂಬವರು ಅಲ್ಲಿ ಅಗೆಯಲಾರಂಭಿಸಿ, ಕುಲುಮೆಯ ತಳಪಾಯವನ್ನೂ ತಿದಿ ನಡೆಸುತ್ತಿದ್ದ ಜಲಚಕ್ರದ ಮರದ ಭಾಗಗಳನ್ನೂ ಬೆಳಕಿಗೆ ತಂದರು. ಅವುಗಳ ಆಧಾರದ ಮೇಲೆ ಕಾರ್ಖಾನೆಯನ್ನು ಮತ್ತೆ ಕಟ್ಟಿ 1954ರಲ್ಲಿ ಜನರಿಗೆ ತೆರೆದರು. 1968ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಥಳವಾಯಿತು. ಶಾಲೆಯ ಮಕ್ಕಳು ಅಲ್ಲಿಗೆ ಬಂದು ಕಿಟ್ಟದ ದಿಬ್ಬವನ್ನೂ ನೋಡಿ ಹೋಗುತ್ತಾರೆ. ಇಪ್ಪತ್ತೈದು ವರ್ಷವೂ ನಡೆಯದ ಕೆಲಸಕ್ಕೆ ಅಷ್ಟು ಆದರ! ಶ್ರೀಮಂತ ದೇಶವೆಂದು ಹೇಳಿ ಈ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಮೊದಲ ಹೆಜ್ಜೆಗೆ ಹಣ ಬೇಕಿರಲಿಲ್ಲ. ಆ ರಾಶಿ ಏನೆಂದು ಗುರುತಿಸುವ ಕಣ್ಣು ಬೇಕಿತ್ತು.

ಅಂತಹ ಕಣ್ಣು ಈ ನಾಡಿಗೂ ಹೊಸದಲ್ಲ. ನೂರೈವತ್ತು ವರ್ಷಗಳ ಹಿಂದೆ ಶಾಸನದ ಕಲ್ಲುಗಳ ಪಾಡೇನಿತ್ತು? ಬಾವಿಯ ಕಟ್ಟೆಗೆ, ಮನೆಯ ಮೆಟ್ಟಿಲಿಗೆ, ಬಟ್ಟೆ ಒಗೆಯುವುದಕ್ಕೆ ಅವು ಬಳಕೆಯಾಗುತ್ತಿದ್ದವು. ಬಿ. ಎಲ್. ರೈಸ್ ಅವರು ಊರೂರು ಸುತ್ತಿ ಶಾಸನಗಳ ಪಡಿಯಚ್ಚು ತೆಗೆಸಿ, 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ಹೊರತಂದರು. ಆಮೇಲೆ ಜನರ ದೃಷ್ಟಿ ಬದಲಾಯಿತು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯಲ್ಲಿ ಗುರುತಿಸಿದ ಒಂದು ಕಲ್ಲಿನಿಂದ ಕನ್ನಡ ಬರಹದ ಇತಿಹಾಸವು ಹಿಂದಕ್ಕೆ ಸರಿಯಿತು. ಕಲ್ಲು ಅದೇ ಕಲ್ಲು. ಬದಲಾದುದು ನೋಡುವವರ ತಿಳಿವಳಿಕೆ. ಕಿಟ್ಟದ ಪಾಲಿಗೆ ರೈಸರಂತಹವರು ಇನ್ನೂ ಬರಬೇಕಾಗಿದೆ. ಅಲ್ಲೊಂದು ಇಲ್ಲೊಂದು ನೆಲೆಯನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಹೋಬಳಿ ಹೋಬಳಿಯನ್ನೂ ಸುತ್ತಿ ಮಾಡಬೇಕಾದ ಪಟ್ಟಿಯ ಕೆಲಸವೇ ಬೇರೆ.

ಕಾನೂನು ಅಡ್ಡ ಬರುತ್ತದೆಂದು ಹೇಳುವಂತಿಲ್ಲ. 1958ರ ಕೇಂದ್ರ ಕಾಯಿದೆಯು ನೂರು ವರ್ಷಕ್ಕೆ ಕಡಮೆಯಿಲ್ಲದ, ಇತಿಹಾಸಕ್ಕೂ ಪುರಾತತ್ವಕ್ಕೂ ಮಹತ್ವದ ಅವಶೇಷಗಳಿರುವ ನೆಲವನ್ನು ರಕ್ಷಿಸಲು ಅವಕಾಶ ಕೊಡುತ್ತದೆ. ಅದೇ ಉದ್ದೇಶಕ್ಕಾಗಿ ರಾಜ್ಯದ 1961ರ ಕಾಯಿದೆಯೂ ಇದೆ. ಅವು ಗೋಪುರ ಬೇಕೆಂದಾಗಲಿ ವಿಗ್ರಹ ಬೇಕೆಂದಾಗಲಿ ಹೇಳುವುದಿಲ್ಲ. ಕಿಟ್ಟದ ದಿಬ್ಬವನ್ನು ಹೊರಗಿಟ್ಟಿರುವುದು ಕಾಯಿದೆಯಲ್ಲ, ರೂಢಿ. ದೆಹಲಿಯ ಕಬ್ಬಿಣದ ಸ್ತಂಭದ ಸುತ್ತ ಕಟಕಟೆಯಿದೆ. ಕೊಡಚಾದ್ರಿಯ ಕಬ್ಬಿಣದ ಕಂಬವನ್ನು ನೋಡಲು ಜನ ಬೆಟ್ಟವೇರುತ್ತಾರೆ, ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿದ್ದಾರೆ. ಕಂಬಕ್ಕೆ ದೊರೆಯುವ ಗೌರವದಲ್ಲಿ ಸ್ವಲ್ಪವಾದರೂ ಕುಲುಮೆಗೆ ಸಲ್ಲಬೇಡವೇ?

ಇದಕ್ಕೆ ರೈತರ ಕಡೆಯಿಂದ ಬರುವ ಆಕ್ಷೇಪವು ನಿಜವಾದ ಆಕ್ಷೇಪ. ಎರಡು ಎಕರೆಯ ಒಡೆಯನು ತನ್ನ ಹೊಲದ ಕಾಲು ಭಾಗವನ್ನು ಕರಿಯ ಗಟ್ಟಿಗಳಿಗೆ ಬಿಟ್ಟುಕೊಟ್ಟು ಕುಳಿತರೆ ಅವನ ಮಕ್ಕಳ ಹೊಟ್ಟೆ ತುಂಬುವ ಬಗೆ ಹೇಗೆ? ಅವನು ಕಿಟ್ಟವನ್ನು ಆರಿಸಿ ಬದುವಿಗೆ ಎಸೆದರೆ ಅದನ್ನು ಅಪರಾಧವೆನ್ನುವುದು ಸಲ್ಲದು. ಇತಿಹಾಸದ ಹೊರೆಯನ್ನು ಬಡವನ ಹೆಗಲಿಗೆ ಮಾತ್ರ ಏರಿಸುವ ಸಂರಕ್ಷಣೆ ಬಹಳ ದಿನ ನಡೆಯಲಾರದು, ನಡೆಯಲೂಬಾರದು. ಎಲ್ಲ ದಿಬ್ಬಗಳನ್ನೂ ಉಳಿಸುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಆದರೆ ಎಲ್ಲವನ್ನೂ ಬರೆದಿಡುವುದು ಸಾಧ್ಯ. ಬರೆದಿಟ್ಟ ಮೇಲೆ ಅವುಗಳಲ್ಲಿ ಕುಲುಮೆಯ ಗೋಡೆ, ಕೊಳವೆ, ಮೂಸೆಗಳು ಕೆಡದೆ ಉಳಿದಿರುವ ಕೆಲವನ್ನು ಆರಿಸಿ, ಖಾಸಗಿ ನೆಲವಾದರೆ ಒಡೆಯನಿಗೆ ತಕ್ಕ ಬೆಲೆ ಕೊಟ್ಟು, ಕಾಪಾಡಬೇಕು. ಗೋಮಾಳದಲ್ಲಿಯೋ ಸರ್ಕಾರಿ ಬೀಳಿನಲ್ಲಿಯೋ ಇರುವ ದಿಬ್ಬಗಳ ವಿಷಯದಲ್ಲಂತೂ ಈ ತೊಡಕೂ ಇಲ್ಲ. ಅಲ್ಲಿಂದ ಕಿಟ್ಟವನ್ನು ಸಾಗಿಸುವುದು ಯಾರ ಹೊಟ್ಟೆಪಾಡೂ ಅಲ್ಲ. ಗುತ್ತಿಗೆದಾರನ ಅನು���ೂಲ ಅಷ್ಟೆ.

ಬರೆದಿಡುವ ಕೆಲಸಕ್ಕೆ ದೊಡ್ಡ ಪರಿಕರಗಳು ಬೇಡ. ಊರಿನ ಹಿರಿಯರನ್ನು ವಿಚಾರಿಸಿದರೆ ಯಾವ ಹೊಲದಲ್ಲಿ ಕಿಟ್ಟ ಸಿಕ್ಕುತ್ತದೆಂಬುದನ್ನು ಹೇಳಬಲ್ಲರು. ಹಲವು ಸಲ ಹೊಲದ ಹೆಸರೇ ಕುಲುಮೆಯ ನೆನಪನ್ನು ಇಟ್ಟುಕೊಂಡಿರುವುದುಂಟು. ಪ್ರೌಢಶಾಲೆಯ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಹೋಗಿ, ಸರ್ವೆ ನಂಬರು, ದಿಬ್ಬದ ಉದ್ದಗಲ, ಹತ್ತಿರದ ಹಳ್ಳಕ್ಕೆ ಇರುವ ದೂರ, ಕಾಣಿಸುವ ವಸ್ತುಗಳ ವಿವರ ಇವನ್ನು ಗುರುತು ಮಾಡಿಕೊಂಡು ಒಂದು ಚಿತ್ರ ತೆಗೆದರೆ ಅದು ವಿದ್ವಾಂಸರಿಗೆ ಸಾಕಾದ ಆರಂಭ. ಅಗೆಯುವ ಕೆಲಸಕ್ಕೆ ಮಾತ್ರ ಅವರು ಕೈ ಹಾಕಬಾರದು. ಕುತೂಹಲದಿಂದ ತೋಡಿದ ಒಂದು ಗುಂಡಿ ಮಣ್ಣಿನ ಪದರಗಳನ್ನು ಕಲಸಿಬಿಡುತ್ತದೆ. ನೋಡಿದ ತುಂಡನ್ನು ಎತ್ತಿದಲ್ಲಿಯೇ ಇಟ್ಟು ಬರಬೇಕು. ವಿವರದ ಒಂದು ಪ್ರತಿ ಶಾಲೆಯಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದು ಪುರಾತತ್ವ ಇಲಾಖೆಯಲ್ಲಿ ಇದ್ದರೆ, ಮುಂದಿನ ಸಲ ದಾರಿಗೆ ಹಾಸು ಬೇಕೆಂದು ಟ್ರ್ಯಾಕ್ಟರು ಬಂದಾಗ ಅದು ಯಾವ ದಿಬ್ಬದಿಂದ ತುಂಬಬಾರದೆಂಬುದನ್ನು ಹೇಳಲು ಪಂಚಾಯಿತಿಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.